ಶಾಸನ, ವೀರಗಲ್ಲು ಫೋಟೋ ತೆಗೆಯೋಕೆ ಯಾವ್ದು ತಗೊಳ್ಳಿ? ಕ್ಯಾನನ್ ಎಸ್‌ಎಕ್ಸ್ 740 ಅಥವಾ ಸೋನಿ ಆರ್‌ಎಕ್ಸ್ 100 ಮಾರ್ಕ್ 3

ದುರ್ಗದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ನಮ್ಮ ಮಕ್ಕಳ ಊರುಗಳಲ್ಲಿ ಎಲ್ಲೆಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಇದಾವೋ ಅವನ್ನೆಲ್ಲ ಫೋಟೋ ತೆಗೆದು ಒಂದು ಕಡೆ ಸೇರಿಸೋ ಕೆಲಸ ಶುರು ಮಾಡಿದೀವಿ. ರಸ್ತೆ ಅಗಲ ಮಾಡುವಾಗ, ಗುಡಿ ಜೀರ್ಣೋದ್ಧಾರ ಮಾಡುವಾಗ ಮೊದ್ಲು ಹೋಗೋದೇ ಈ ಕಲ್ಲುಗಳು, ಕೆಲವಕ್ಕೆ ಆಯಿಲ್ ಪೇಂಟ್ ಬಳಿದುಬಿಡ್ತಾರೆ, ಇನ್ನು ಕೆಲವನ್ನ ಬಟ್ಟೆ ಒಗೆಯೋ ಕಲ್ಲು ಮಾಡ್ಕೊಂಡಿರ್ತಾರೆ. ಹೋಗೋಕೆ ಮುಂಚೆ ಒಂದು ಒಳ್ಳೆ ಫೋಟೋ ಆದ್ರೂ ಉಳೀಲಿ ಅಂತ.

ಇಲ್ಲಿವರೆಗೂ ಮೊಬೈಲಲ್ಲೇ ತೆಗೀತಿದ್ವಿ. ನೋಡೋಕೆ ಚೆನ್ನಾಗೇ ಕಾಣುತ್ತೆ ಆದ್ರೆ ಓದೋಣ ಅಂತ ದೊಡ್ಡದು ಮಾಡಿದ್ರೆ ಕಲ್ಲಿನ ಗೀರು ಯಾವ್ದು ಅಕ್ಷರ ಯಾವ್ದು ಗೊತ್ತಾಗಲ್ಲ, ಫೋನೇ ಏನೇನೋ ತಿದ್ದಿ ನುಣುಪು ಮಾಡಿಟ್ಟಿರುತ್ತೆ. ಅದಕ್ಕೆ ಚಿಕ್ಕ ಕ್ಯಾಮೆರಾ ಒಂದು ತಗೋಬೇಕು ಅಂತಿದೀನಿ. ಡಿಎಸ್ಎಲ್ಆರ್ ಬೇಡ, ಬಸ್ಸಲ್ಲಿ ಓಡಾಡೋದು, ಬ್ಯಾಗಲ್ಲಿ ಪುಸ್ತಕದ ಜೊತೆ ಇಟ್ಕೊಳ್ಳೋ ಹಾಗಿರಬೇಕು, ಮಕ್ಕಳ ಕೈಗೂ ಕೊಡೋ ಹಾಗಿರಬೇಕು.

ಎರಡು ಸೆಕೆಂಡ್ ಹ್ಯಾಂಡ್ ಸಿಕ್ಕಿವೆ, ರೇಟು ಹೆಚ್ಚುಕಮ್ಮಿ ಒಂದೇ. ಒಂದು ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740, ದಾವಣಗೆರೆಯಲ್ಲಿದೆ, 40 ಪಟ್ಟು ಝೂಮ್. ಇನ್ನೊಂದು ಸೋನಿ ಆರ್‌ಎಕ್ಸ್ 100 ಮಾರ್ಕ್ 3, ಇಲ್ಲೇ ದುರ್ಗದಲ್ಲಿ ಪರಿಚಯದವರ ಹತ್ರ ಇದೆ, ಅದರ ಝೂಮ್ ಮೂರು ಪಟ್ಟೂ ಇಲ್ಲ. ಕ್ಯಾನನ್ 2018ರದ್ದು, ಸೋನಿ 2014ರದ್ದು. ಎರಡೂ 20 ಮೆಗಾಪಿಕ್ಸೆಲ್ಲೇ. ಹಾಗಾದ್ರೆ ಹೊಸದು, ಜಾಸ್ತಿ ಝೂಮ್ ಇರೋದೇ ಒಳ್ಳೇದಲ್ವಾ? ಆದ್ರೂ ಸೋನಿಗೆ ಯಾಕೆ ಅಷ್ಟೇ ರೇಟು ಹೇಳ್ತಿದಾರೆ ಅನ್ನೋದು ಅರ್ಥ ಆಗ್ತಿಲ್ಲ. ತಿಳಿದವರು ಹೇಳಿ.

ಬೆಣ್ಣೆನಗರಿ ಸ್ಟುಡಿಯೋ:

ಮೇಡಂ ನಮಸ್ಕಾರ, ನಂದು ದಾವಣಗೆರೆ, ಮದ್ವಿ ಫೋಟೋ ವಿಡಿಯೋ ಮಾಡ್ತೀನ್ರಿ. ಮೆಗಾಪಿಕ್ಸೆಲ್ ಲೆಕ್ಕ ಮೊದ್ಲು ಬಿಟ್‌ಬಿಡ್ರಿ. ಎರಡೂ 20 ಅಂತ ಬರ್ದಿರ್ತಾರ, ಆದ್ರ ಆ 20 ಎಷ್ಟು ಜಾಗದಾಗ ಕುಂತಾವು ಅನ್ನೋದು ಮುಖ್ಯ. ಆ ಜಾಗ ಅಂದ್ರ ಸೆನ್ಸರ್, ಬೆಳಕು ಹಿಡಿಯೋ ಚಿಪ್. ಸೋನಿ ಸೆನ್ಸರ್‌ಗೆ 1 ಇಂಚು ಅಂತ ಹೆಸ್ರು, ಖರೇ ಅಳತಿ 13.2 ಬೈ 8.8 ಎಂಎಂ. ಕ್ಯಾನನ್‌ದು 1/2.3 ಇಂಚು ಅಂತಾರ, ಅದು ಸುಮಾರು 6.2 ಬೈ 4.6 ಎಂಎಂ. ಗುಣಿಸಿ ನೋಡ್ರಿ, ಸೋನಿದು ನಾಕು ಪಟ್ಟು ದೊಡ್ಡದು. ಮ್ಯಾಲೆ ಲೆನ್ಸು, ಎಫ್ ನಂಬರ್ ಅಂದ್ರ ಲೆನ್ಸಿನ ಕಿಂಡಿ (ಅಪರ್ಚರ್) ಅಳತಿ, ನಂಬರ್ ಸಣ್ಣದಿದ್ದಷ್ಟು ಕಿಂಡಿ ದೊಡ್ಡದು. ಸೋನಿದು ಎಫ್ 1.8ರಿಂದ ಶುರು ಆಗಿ ಪೂರ್ತಿ ಝೂಮ್ ಮಾಡಿದ್ರೂ ಎಫ್ 2.8ಕ್ಕ ನಿಲ್ತತಿ, ಕ್ಯಾನನ್‌ದು ಶುರುನೇ ಎಫ್ 3.3, ಪೂರ್ತಿ ಎಳದ್ರ ಎಫ್ 6.9. ಅಂದ್ರ ಅಗಲ ಕೋನದಾಗ ಸೋನಿ ಲೆನ್ಸು ಮೂರು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗ ಬಿಡ್ತತಿ, ಅದನ್ನ ಹಿಡಿಯೋ ಸೆನ್ಸರೂ ನಾಕು ಪಟ್ಟು ದೊಡ್ಡದು. ರೇಟು ಯಾಕ ಇಳಿದಿಲ್ಲ ಅಂದ್ರ ಇದಕ್ಕ.

ಹಳೇ ಗುಡಿ ಒಳಗ ನವರಂಗದಾಗ, ಅಂದ್ರ ಗರ್ಭಗುಡಿ ಮುಂದಿನ ಕಂಬದ ಮಂಟಪದಾಗ, ನಿಂತು ನೋಡ್ರಿ, ಬಾಗ್ಲಿಂದ ಬರೋ ಬೆಳಕು ಬಿಟ್ರ ಏನೂ ಇರಂಗಿಲ್ಲ. ಅಲ್ಲಿ ಕ್ಯಾನನ್ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸ್ಕೊಂತ ಹೋಗ್ತತಿ, ಅದರ ಮಿತಿನೇ 3200, ಅಲ್ಲಿಗೆ ಬರೋದ್ರಾಗ ಕಲ್ಲಿನ ಮೈ ಎಲ್ಲಾ ಅಳಿಸಿದಂಗ ಆಗಿರ್ತತಿ. ಫ್ಲ್ಯಾಶ್ ಎತ್ತಿದ್ರ ಎದುರಿನ ಬೆಳಕಿಗೆ ಕೆತ್ತನಿ ಚಪ್ಪಟಿ ಆಗ್ತತಿ, ಅದು ಇನ್ನೂ ಕೆಟ್ಟದ್ದು. ಸೋನಿದಾಗ ಅದೇ ಜಾಗದಾಗ ಐಎಸ್ಒ 400, 800ರಾಗ ಕೆಲ್ಸ ಮುಗೀತತಿ.

ಮತ್ತೊಂದು, ಕ್ಯಾನನ್ ಎಸ್‌ಎಕ್ಸ್ 740 ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಕೊಡಂಗಿಲ್ಲ, ಬರೇ ಜೆಪೆಗ್, ಅಂದ್ರ ಕ್ಯಾಮೆರಾನೇ ತಿದ್ದಿ ಕೊಡೋ ಫೋಟೋ. ನಿಮ್ಮ ಫೋನ್ ತಿದ್ದಿ ನುಣುಪು ಮಾಡ್ತತಿ ಅಂದ್ರಲ್ಲ, ಸಣ್ಣ ಸೆನ್ಸರ್ ಕ್ಯಾಮೆರಾ ಜೆಪೆಗ್ಗೂ ಅದೇ ಕೆಲ್ಸ ಮಾಡ್ತತಿ. ಸೋನಿ ರಾ ಕೊಡ್ತತಿ, ಕಂಪ್ಯೂಟರ್‌ನಾಗ ಕೂತು ಕಾಂಟ್ರಾಸ್ಟ್ ನೀವೇ ಹೆಚ್ಚು ಕಡಿಮಿ ಮಾಡ್ಕೋಬಹುದು. ನನ್ನ ಓಟು ಸೋನಿಗೆ, ಕಣ್ಮುಚ್ಚಿ ತಗೊಳ್ರಿ ಅನ್ನಂಗಿಲ್ಲ, ಕಣ್ ಬಿಟ್ಟು ಚೆಕ್ ಮಾಡಿ ತಗೊಳ್ರಿ, ಅದನ್ನ ಆಮೇಲೆ ಬರೀತೀನಿ.

ಮಾರಿಕಣಿವೆ:

ಸ್ಟುಡಿಯೋ ಅಣ್ಣನ ಮಾತು ಅರ್ಧಕ್ಕೆ ಒಪ್ತೀನಿ. ನಾನು ಹಿರಿಯೂರು ಕಡೆಯವನು, ಡ್ಯಾಮ್ ಹಿನ್ನೀರಲ್ಲಿ ಹಕ್ಕಿ ನೋಡೋಕೆ ಹೋಗ್ತಿರ್ತೀನಿ. ಸೋನಿ ಝೂಮ್ 70 ಎಂಎಂಗೇ ಮುಗೀತೈತೆ, ಅದು ಏನೇನೂ ಅಲ್ಲ. ಎಂಎಂ ಜಾಸ್ತಿ ಇದ್ದಷ್ಟೂ ದೂರದ್ದು ಹತ್ರ ಕಾಣ್ತೈತೆ. ಎಸ್‌ಎಕ್ಸ್ 740ರಲ್ಲಿ 24ರಿಂದ 960 ಎಂಎಂವರೆಗೂ ಐತೆ, ಅದೂ ಮುನ್ನೂರು ಗ್ರಾಂ ಕ್ಯಾಮೆರಾದಲ್ಲಿ! ಮಿಂಚುಳ್ಳಿ ಆಚೆ ದಡದ ಕಡ್ಡಿ ಮೇಲೆ ಕೂತಿದ್ರೆ ಕೊಕ್ಕಿನ ಬಣ್ಣ ಕಾಣ್ತೈತೆ, ಸೋನಿಯಲ್ಲಿ ಹಕ್ಕಿ ಒಂದು ಚುಕ್ಕೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದ್ಲು, ಅವತ್ತು ಜನ ಎಷ್ಟಿದ್ರು ಅಂದ್ರೆ ಹತ್ರ ಹೋಗೋಕೇ ಆಗ್ಲಿಲ್ಲ, ದೂರದಿಂದ ತೆಗೆದಿದ್ದೆಲ್ಲ ಝೂಮ್ ದಯೆ.

ಟೀಚರಮ್ಮ, ನಿಮ್ಮ ಕೆಲಸದಲ್ಲೂ ಝೂಮ್ ಬೇಕಾಗ್ತೈತೆ. ಗೋಪುರದ ಮೇಲಿನ ಗಾರೆ ಗೊಂಬೆ, ಕೋಟೆ ಬತ್ತೇರಿ ಮೇಲ್ಗಡೆ ಕೆತ್ತಿರೋ ಹಾವು ಮೀನು, ಬಂಡೆ ಮೇಲೆ ಕೈಗೆ ಸಿಗದ ಎತ್ತರದಲ್ಲಿ ಕೊರೆದಿರೋ ಗುರುತುಗಳು, ಇವನ್ನೆಲ್ಲ ಏಣಿ ಹಾಕಿ ತೆಗೀತೀರಾ? ಮಕ್ಕಳಿಗೂ ಹಕ್ಕಿ ತೋರಿಸಬಹುದು. ಕತ್ತಲೆಗೆ ಟಾರ್ಚ್ ಹಾಕಬಹುದು, ಇಲ್ಲದ ಝೂಮ್ ಎಲ್ಲಿಂದ ತರ್ತೀರಾ ಹೇಳಿ. ಒಂದೇ ಮಾತು, ಬೇಸಿಗೆಯಲ್ಲಿ ನಮ್ಮ ಕಡೆ ಬಂಡೆ ಕಾದಮೇಲೆ ದೂರದ ಝೂಮ್ ಕೆಲಸಕ್ಕೆ ಬರಲ್ಲ, ಬಿಸಿಗಾಳಿಗೆ ಚಿತ್ರ ನಡುಗಿ ಕಲಸಿಹೋಗ್ತೈತೆ, ಅದು ಎಂಥ ದೊಡ್ಡ ಲೆನ್ಸ್ ಆದ್ರೂ ಅಷ್ಟೇ. ಬೆಳಿಗ್ಗೆ ಬೇಗ ಹೋಗ್ಬೇಕು.

ಜಗಳೂರು ಹುಡುಗ:

ಈಗಿನ ಫೋನಲ್ಲೇ ರಾ ಮೋಡ್ ಇರುತ್ತಲ್ಲ ಮೇಡಂ, ಪ್ರೋ ಮೋಡಿಗೆ ಹೋಗಿ ನೋಡಿದೀರಾ? ದುಡ್ಡು ಉಳೀತದೆ.

ದುರ್ಗದ ಟೀಚರ್:

ನೋಡಿದೆ, ನನ್ನ ಫೋನಲ್ಲಿ ಆ ಆಯ್ಕೆ ಇಲ್ಲ. ಇದ್ರೂ ನನ್ನ ಫೋನ್ ಮಕ್ಕಳ ಕೈಗೆ ಕೊಟ್ಟು ಕಳಿಸೋಕಾಗಲ್ಲ, ಶಾಲೆ ಕೆಲಸ ಎಲ್ಲ ಅದರಲ್ಲೇ ಇದೆ.

ಮಾರಿಕಣಿವೆ ಸರ್ ಹೇಳಿದ್ದು ಸರಿ ಇದೆ, ಎತ್ತರದಲ್ಲಿರೋ ಕೆತ್ತನೆ ನಮಗೂ ಸಿಗುತ್ತೆ. ಆದ್ರೆ ಲೆಕ್ಕ ಹಾಕಿದ್ರೆ ನಮ್ಮ ಪಟ್ಟಿಯಲ್ಲಿರೋದು ಬಹುಪಾಲು ನೆಲದ ಮೇಲೆ ನಿಂತಿರೋ ಕಲ್ಲುಗಳೇ, ಆಂಜನೇಯನ ಗುಡಿ ಮುಂದೆ, ಹೊಲದ ಬದುವಲ್ಲಿ, ಕೆರೆ ಏರಿ ಮೇಲೆ. ಅರ್ಧ ಮಣ್ಣಲ್ಲಿ ಹೂತಿರ್ತವೆ, ಲಂಟಾನ ಬೆಳೆದಿರುತ್ತೆ, ಹಿಂದೆ ಸರಿಯೋಕೆ ಜಾಗ ಇರಲ್ಲ. ಕೆಲವು ಗುಡಿ ಒಳಗೆ. ನಮಗೆ ಬೇಕಾಗಿರೋದು ಸವೆದುಹೋದ ಅಕ್ಷರ ಕಾಣೋದು. ಬೆಳಿಗ್ಗೆ ಸಂಜೆ ಬಿಸಿಲಲ್ಲಿ ತೆಗೀಬೇಕು ಅಂತ ಎಲ್ರೂ ಹೇಳ್ತಾರೆ, ಹಾಗೇ ಹೋಗಿ ತೆಗೆದ್ರೂ ಕೆಲವು ಕಲ್ಲಲ್ಲಿ ಏನೂ ಕಾಣಲ್ಲ, ಅದಕ್ಕೆ ಕ್ಯಾಮೆರಾನೇ ಕಾರಣನಾ?

ಕಲ್ಲಕ್ಷರ:

ಟೀಚರ್ ಅವರೇ, ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾವ ಕ್ಯಾಮೆರಾ ತಗೊಂಡ್ರೂ ಇದು ಗೊತ್ತಿಲ್ಲದೆ ಉಪಯೋಗ ಇಲ್ಲ. ಸವೆದ ಅಕ್ಷರದ ಆಳ ಎಷ್ಟೋ ಕಡೆ ಒಂದೆರಡು ಮಿಲಿಮೀಟರ್ ಕೂಡ ಉಳಿದಿರಲ್ಲ. ಅದು ಕಾಣಬೇಕಾದ್ರೆ ಬೆಳಕು ಕಲ್ಲಿನ ಮೈಯನ್ನ ಸವರಿಕೊಂಡು ಹೋಗಬೇಕು, ಆಗ ಆ ಸಣ್ಣ ತಗ್ಗಲ್ಲಿ ನೆರಳು ಬೀಳುತ್ತೆ, ನಾವು ಓದೋದು ಆ ನೆರಳನ್ನ.

ಬೆಳಿಗ್ಗೆ ಸಂಜೆ ಅನ್ನೋ ಮಾತು ನೆಲಕ್ಕೆ ಮಲಗಿರೋ ಹಾಸುಬಂಡೆಗೆ ಸರಿ. ನಿಂತಿರೋ ಕಲ್ಲಿಗೆ ಅದು ಉಲ್ಟಾ. ಪೂರ್ವಕ್ಕೆ ಮುಖ ಮಾಡಿ ನಿಂತಿರೋ ವೀರಗಲ್ಲಿಗೆ ಬೆಳಿಗ್ಗೆ 7 ಗಂಟೆಗೆ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತೆ, ಎಲ್ಲಾ ಚಪ್ಪಟೆ. ಅದೇ ಕಲ್ಲನ್ನ ಸೂರ್ಯ ನೆತ್ತಿಗೆ ಬರೋಕೆ ಸ್ವಲ್ಪ ಮುಂಚೆ, 11 ಗಂಟೆ ದಾಟಿದ ಮೇಲೆ ನೋಡಿ, ಬೆಳಕು ಮೇಲಿಂದ ಇಳಿಜಾರಾಗಿ ಸವರುತ್ತೆ, ಸಾಲು ಸಾಲೇ ಎದ್ದು ಬರುತ್ತೆ. ಪಶ್ಚಿಮ ಮುಖದ ಕಲ್ಲಿಗೆ ನೆತ್ತಿ ದಾಟಿದ ತಕ್ಷಣದ ಹೊತ್ತು. ಉತ್ತರ ಮುಖದ್ದು ಚಳಿಗಾಲದಲ್ಲಿ ಇಡೀ ದಿನ ನೆರಳಲ್ಲೇ ಇರುತ್ತೆ, ಆದ್ರೆ ನಮ್ಮ ದುರ್ಗ ಇರೋದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಮೇ ತಿಂಗಳಿಂದ ಆಗಸ್ಟ್ ಎರಡನೇ ವಾರದವರೆಗೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತೆ. ಜೂನಲ್ಲಿ ಮೋಡ ಸರಿದ ದಿನ ನಡುಮಧ್ಯಾಹ್ನ ಹೋದ್ರೆ ಆ ಕಲ್ಲಿಗೂ ಸವರೋ ಬೆಳಕು ಸಿಗುತ್ತೆ. ಮಕ್ಕಳಿಗೆ ಇದೇ ಒಂದು ಪಾಠ ಆಗುತ್ತೆ ನೋಡಿ, ಭೂಗೋಳ ಇತಿಹಾಸ ಎರಡೂ ಸೇರಿ.

ಬಿಸಿಲು ಸಿಗದ ಕಡೆ ಟಾರ್ಚ್. ಕ್ಯಾಮೆರಾ ಹತ್ರ ಹಿಡೀಬಾರದು. ಒಬ್ಬ ಹುಡುಗ ಕಲ್ಲಿನ ಪಕ್ಕಕ್ಕೆ ನಿಂತು, ಟಾರ್ಚನ್ನ ಹೆಚ್ಚುಕಮ್ಮಿ ಕಲ್ಲಿಗೆ ಸಮನಾಗಿ, 10-15 ಡಿಗ್ರಿ ಓರೆಯಲ್ಲಿ ಹಿಡೀಬೇಕು, ತೀರಾ ಹತ್ತಿರ ಬೇಡ, ಒಂದು ಮೂಲೆ ಮಾತ್ರ ಬಿಳಿಚಿಕೊಳ್ಳುತ್ತೆ. ಕ್ಯಾಮೆರಾ ಕದಲಬಾರದು, ಟಾರ್ಚ್ ಮಾತ್ರ ಎಡ, ಬಲ, ಮೇಲೆ ಅಂತ ಬದಲಾಯಿಸಿ ಒಂದೊಂದು ತೆಗೆಯಿರಿ. ಮೇಲಿನ ಬೆಳಕಲ್ಲಿ ಅಡ್ಡಗೆರೆ ಕಾಣುತ್ತೆ, ಪಕ್ಕದ ಬೆಳಕಲ್ಲಿ ಉದ್ದಗೆರೆ. ಒಂದರಲ್ಲಿ ಪ ಅಂತ ಕಂಡಿದ್ದು ಇನ್ನೊಂದರಲ್ಲಿ ಷ ಆಗಿರಬಹುದು.

ಈಗ ಕ್ಯಾಮೆರಾ. ಈ ಕೆಲಸಕ್ಕೆ ಸೋನಿನೇ. ಕಾರಣ ಸ್ಟುಡಿಯೋ ಸರ್ ಹೇಳಿದ್ದರ ಜೊತೆ ಇನ್ನೂ ಎರಡಿವೆ. ಒಂದು, ಇದರಲ್ಲಿ ಮೇಲಕ್ಕೆ ಚಿಮ್ಮೋ ವ್ಯೂಫೈಂಡರ್ ಇದೆ, ಕ್ಯಾನನ್ನಲ್ಲಿ ಇಲ್ಲ. ನಾನು ಹೇಳಿದ ಆ 11 ಗಂಟೆ ಬಿಸಿಲಲ್ಲಿ ಹಿಂದಿನ ಸ್ಕ್ರೀನ್ ಏನೂ ಕಾಣಲ್ಲ, ಫೋಕಸ್ ಆಯ್ತೋ ಇಲ್ವೋ ಗೊತ್ತಾಗಲ್ಲ, ಕಣ್ಣಿಟ್ಟು ನೋಡೋಕೆ ಒಂದು ಕಿಂಡಿ ಇದ್ರೆ ಕೆಲಸ ಸುಲಭ. ಎರಡು, ಸಣ್ಣ ಸೆನ್ಸರಿನ ಪಿಕ್ಸೆಲ್ ತುಂಬಾ ಚಿಕ್ಕದು, ಸುಮಾರು 1.2 ಮೈಕ್ರಾನ್, ಸೋನಿದು 2.4. ಪಿಕ್ಸೆಲ್ ಅಷ್ಟು ಚಿಕ್ಕದಿದ್ದಾಗ ಕ್ಯಾನನ್ನಲ್ಲಿ ಎಫ್ 6.9 ಅಂತ ಕಿಂಡಿ ಕಿರಿದಾದ್ರೆ ಬೆಳಕು ಹರಡಿ ಗೆರೆ ಮೆತ್ತಗಾಗುತ್ತೆ, ಅದು ಲೆನ್ಸಿನ ದೋಷ ಅಲ್ಲ, ಬೆಳಕಿನ ಸ್ವಭಾವ. ಸೋನಿಯಲ್ಲಿ ಎಫ್ 4 ಅಥವಾ 5.6ಕ್ಕೆ ಇಟ್ಟು ತೆಗೆದ್ರೆ ಮೂಲೆವರೆಗೂ ಚೊಕ್ಕವಾಗಿರುತ್ತೆ. ಎಫ್ 11ಕ್ಕೆ ಹೋಗಬೇಡಿ.

ಜಾಗ ಇದ್ರೆ ಹಿಂದೆ ಸರಿದು 50-70 ಎಂಎಂನಲ್ಲಿ ತೆಗೆಯಿರಿ, 24ರಲ್ಲಿ ಹತ್ರದಿಂದ ಕ್ಯಾಮೆರಾ ಮೇಲಕ್ಕೆ ಓರೆ ಮಾಡಿ ತೆಗೆದ್ರೆ ಕಲ್ಲಿನ ತಲೆ ಕಿರಿದಾಗಿ ಬುಡ ಅಗಲವಾಗಿ ಕಾಣುತ್ತೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ಶಾಲೆ ಸ್ಕೇಲೇ ಸಾಕು. ವೀರಗಲ್ಲಾದ್ರೆ ಇಡೀ ಕಲ್ಲು ಒಂದು, ಆಮೇಲೆ ಒಂದೊಂದು ಪಟ್ಟಿಕೆ (ಚಿತ್ರ ಕೆತ್ತಿರೋ ಅಂತಸ್ತು) ಬೇರೆ ಬೇರೆ, ಅಕ್ಷರ ಸಾಮಾನ್ಯವಾಗಿ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿರುತ್ತೆ, ಅದನ್ನ ಮರೀಬೇಡಿ.

ಒಂದು ಕೈಮುಗಿದು ಕೇಳೋ ಮಾತು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಸುಣ್ಣ, ಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ, ಮಕ್ಕಳಿಗೂ ಹಚ್ಚೋಕೆ ಬಿಡಬೇಡಿ. ಸೀಮೆಸುಣ್ಣ ತುಂಬಿದವನು ತನಗೆ ಕಂಡ ಅಕ್ಷರವನ್ನೇ ತುಂಬಿರ್ತಾನೆ, ಆಮೇಲೆ ಬಂದವರೆಲ್ಲ ಆ ತಪ್ಪನ್ನೇ ಓದ್ತಾರೆ. ತಂತಿ ಬ್ರಷ್ಷಲ್ಲಿ ಪಾಚಿ ಉಜ್ಜೋದೂ ಬೇಡ. ನೀರು, ಮೆತ್ತನೆ ಬ್ರಷ್, ಅಷ್ಟೇ.

ಇನ್ನು ಕಲ್ಲು ಸಿಕ್ಕ ತಕ್ಷಣ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಪುಟಮಾಲೆಯ 11ನೇ ಸಂಪುಟ ನೋಡಿ, ನಮ್ಮ ಜಿಲ್ಲೆದು ಅದು. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನ ಗುರುತಿಸಿದ್ರಲ್ಲ, ಆ ಕಾಲದವರು ಕಾಗದ ಒತ್ತಿ ಪಡಿಯಚ್ಚು ತೆಗೆದು ಓದಿದ ಪಾಠ ಅದರಲ್ಲಿದೆ. ಅವರಿಗೆ ಕಂಡ ಸಾಲು ಇವತ್ತು ಎಷ್ಟು ಉಳಿದಿದೆ ಅಂತ ನಿಮ್ಮ ಫೋಟೋ ಇಟ್ಟು ಹೋಲಿಸಬಹುದು. ಆ ಸಂಪುಟದಲ್ಲಿ ಇಲ್ಲದ ಕಲ್ಲು ಸಿಕ್ಕರೆ ದಯವಿಟ್ಟು ಪುರಾತತ್ವ ಇಲಾಖೆಯವರಿಗೋ ವಿಶ್ವವಿದ್ಯಾಲಯದವರಿಗೋ ತಿಳಿಸಿ, ನಿಮ್ಮ ಕೆಲಸದ ನಿಜವಾದ ಬೆಲೆ ಅಲ್ಲಿರೋದು.

ಬೆಣ್ಣೆನಗರಿ ಸ್ಟುಡಿಯೋ:

ಸರ್ ಭಾಳ ಚೊಲೋ ಬರದ್ರಿ, ನಿಂತ ಕಲ್ಲಿಗೆ ಮಧ್ಯಾಹ್ನದ ಬೆಳಕು ಅನ್ನೋದು ನಂಗೂ ಹೊಸದು.

ಮೇಡಂ, ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಏನ್ ಮಾಡ್ಬೇಕು ಅಂದ್ರ, ಮೊದ್ಲು ಧೂಳು ನೋಡ್ರಿ. ಈ ಲೆನ್ಸ್ ಹೊರಗ ಬಂದು ಒಳಗ ಹೋಗ್ತಾವಲ್ಲ, ಪ್ರತಿ ಸಲ ಗಾಳಿ ಎಳ್ಕೊಂತಾವು, ಗಾಳಿ ಜೋಡಿ ಧೂಳು. ನಮ್ಮ ಕಡೆ ಗಾಳಿ ಧೂಳು ಎಷ್ಟೈತಿ ಅಂತ ನಿಮಗ ಹೇಳ್ಬೇಕಾ. ಸೆನ್ಸರ್ ಮ್ಯಾಲೆ ಧೂಳು ಕುಂತ್ರ ಒರೆಸೋಕಾಗಂಗಿಲ್ಲ, ಲೆನ್ಸ್ ಕಳಚಂಗಿಲ್ಲ, ಇಡೀ ಕ್ಯಾಮೆರಾ ಬಿಚ್ಚಬೇಕು. ಅಪರ್ಚರ್ ಎಫ್ 11ಕ್ಕ ಇಟ್ಟು, ಪೂರ್ತಿ ಝೂಮ್ ಮಾಡಿ, ಖಾಲಿ ಆಕಾಶ ಇಲ್ಲಾ ಬಿಳಿ ಗ್ವಾಡಿ ತೆಗೀರಿ. ಬೂದು ಚುಕ್ಕಿ ಕಂಡ್ವು ಅಂದ್ರ ಧೂಳು ಒಳಗ ಐತಿ, ಬಿಡ್ರಿ ಇಲ್ಲಾ ರೇಟ್ ಇಳಿಸ್ರಿ. ಕ್ಯಾನನ್ ನೋಡೋದಾದ್ರೂ ಇದೇ ಪರೀಕ್ಷೆ, ಅದಕ್ಕ ಎಫ್ 8.

ಆಮೇಲೆ ಒಂದು ನ್ಯೂಸ್ ಪೇಪರ್ ಗ್ವಾಡಿಗೆ ಅಂಟಿಸಿ ಎಫ್ 2.8ರಾಗ ತೆಗೀರಿ. ನಾಕೂ ಮೂಲಿ ಅಕ್ಷರ ಒಂದೇ ಥರ ಇರ್ಬೇಕು, ಒಂದು ಮೂಲಿ ಮಾತ್ರ ಮಸುಕಾದ್ರ ಕೆಳಗ ಬಿದ್ದ ಕ್ಯಾಮೆರಾ ಅದು, ಲೆನ್ಸ್ ಒಳಗ ವಾಲೈತಿ. ನಿಮ್ಮ ಕೆಲ್ಸಕ್ಕ ಅದು ಆಗಂಗೇ ಇಲ್ಲ. ಝೂಮ್ ಹಿಂದ ಮುಂದ ಮಾಡುವಾಗ ಕರಕರ ಶಬ್ದ ಬರ್ಬಾರ್ದು. ವ್ಯೂಫೈಂಡರ್ ಪಕ್ಕದ ಸ್ವಿಚ್ ಕೆಳಗ ಜರುಗಿಸಿ ಮ್ಯಾಲೆತ್ರಿ, ಕಣ್ಣಿಡೋ ಭಾಗನ ಕೈಯಿಂದ ಹಿಂದಕ್ಕ ಎಳೀಬೇಕು, ಸಡಿಲ ಐತೇನು ನೋಡ್ರಿ. ಅದನ್ನ ಒಳಗ ತಳ್ಳಿದ್ರ ಕ್ಯಾಮೆರಾ ಆಫ್ ಆಗ್ತತಿ, ಅದು ಕೆಟ್ಟಿಲ್ಲ, ಮಾರ್ಕ್ 3 ಇರೋದೇ ಹಂಗ. ಫ್ಲ್ಯಾಶ್ ಒಂದ್ಸಲ ಹಾರಿಸಿ ನೋಡ್ರಿ, ಮೆಮೊರಿ ಕಾರ್ಡ್ ನಿಮ್ದೇ ಒಯ್ರಿ, ಆ ಫೋಟೋ ಮನ್ಯಾಗ ಕಂಪ್ಯೂಟರಿಗೆ ಹಾಕಿ ನೋಡಿದ ಮ್ಯಾಲೆ ದುಡ್ಡು ಕೊಡ್ರಿ.

ಮಾರಿಕಣಿವೆ:

ಕಲ್ಲಕ್ಷರ ಸರ್ ಹೇಳಿದ್ದು ಓದಿದ ಮೇಲೆ ಟೀಚರಮ್ಮನ ಕೆಲಸಕ್ಕೆ ಸೋನಿ ಅಂತ ನಾನೂ ಒಪ್ತೀನಿ. ಆದ್ರೆ ಯಾರಾದ್ರೂ ಬರೇ ಹಕ್ಕಿಗೆ, ಊರೂರು ತಿರುಗೋಕೆ, ಜಾತ್ರೆ ತೇರು ದೂರದಿಂದ ತೆಗೆಯೋಕೆ ಅಂತ ಇದನ್ನ ಓದ್ತಿದ್ರೆ ಎಸ್‌ಎಕ್ಸ್ 740 ಬಿಡಬೇಡಿ, 4ಕೆ ವಿಡಿಯೋನೂ ಐತೆ, ಸೋನಿ ಮಾರ್ಕ್ 3ರಲ್ಲಿ ಅದಿಲ್ಲ. ಟೀಚರಮ್ಮ, ಹಕ್ಕಿಗೆ ಮಕ್ಕಳನ್ನ ಹಿನ್ನೀರಿಗೆ ಕರ್ಕೊಂಡು ಬನ್ನಿ, ನನ್ನ ಕ್ಯಾಮೆರಾ ಬೈನಾಕ್ಯುಲರ್ ಎರಡೂ ತರ್ತೀನಿ.

ದುರ್ಗದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋನಿಯನ್ನೇ ನೋಡೋಕೆ ಹೋಗ್ತೀನಿ, ನ್ಯೂಸ್ ಪೇಪರ್ ಕಾರ್ಡ್ ಎರಡೂ ತಗೊಂಡೇ ಹೋಗ್ತೀನಿ. ಬರ್ತೀವಿ ಮಾರಿಕಣಿವೆ ಸರ್, ಮಕ್ಕಳಿಗೆ ಹೇಳಿದ್ರೆ ಕುಣಿದಾಡ್ತಾರೆ. ಇನ್ನೆರಡು ಅನುಮಾನ. ಚಂದ್ರವಳ್ಳಿ ಅಂಕಲಿ ಮಠದ ಗುಹೆ ಒಳಗೂ ತೆಗೀಬೇಕು ಅಂತಿದೆ, ಟ್ರೈಪಾಡ್ ತಗೋಬೇಕಾ? ಆಮೇಲೆ ಬ್ಯಾಟರಿ ಒಂದು ದಿನ ಬರುತ್ತಾ? ಯಾವ ಫೋಟೋ ಯಾವ ಊರಿನದು ಅಂತ ನೆನಪಿಟ್ಕೊಳ್ಳೋದೂ ಕಷ್ಟ ಆಗ್ತಿದೆ, ಈ ಕ್ಯಾಮೆರಾದಲ್ಲಿ ಜಿಪಿಎಸ್ ಇದೆಯಾ?

ಕಲ್ಲಕ್ಷರ:

ಊರ ಕಲ್ಲುಗಳಿಗೆ ಸಣ್ಣ ಟ್ರೈಪಾಡ್ ಖಂಡಿತ ಇರಲಿ, ಟಾರ್ಚ್ ಬದಲಾಯಿಸಿ ತೆಗೆಯುವಾಗ ಅದಿಲ್ಲದೆ ಆಗಲ್ಲ. ಆದ್ರೆ ಕೋಟೆ ಥರ ಕೇಂದ್ರ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಮುಂಚೆ ಅನುಮತಿ ತಗೋಬೇಕು, ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ. ಗುಹೆ ಒಳಗೆ ಟ್ರೈಪಾಡ್ ಇಲ್ಲದಿದ್ರೆ 24 ಎಂಎಂ, ಎಫ್ 1.8, ಗೋಡೆಗೆ ಮೊಣಕೈ ಒರಗಿಸದೆ ನಿಮ್ಮ ಪಕ್ಕೆಗೇ ಒತ್ತಿ ಹಿಡಿದು, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಗಾರೆ ಮೇಲೆ ಬಣ್ಣ ಉಳಿದಿರೋ ಕಡೆ ಫ್ಲ್ಯಾಶ್ ಬೇಡ.

ಬ್ಯಾಟರಿ ಎನ್‌ಪಿ-ಬಿಎಕ್ಸ್1, ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ 320 ಫೋಟೋ, ಹಳೇ ಬ್ಯಾಟರಿ ಅಷ್ಟು ಬರಲ್ಲ, ಇನ್ನೊಂದು ತಗೊಂಡು ಇಟ್ಕೊಳ್ಳಿ. ಮೊಬೈಲ್ ಪವರ್ ಬ್ಯಾಂಕಿಂದ ಮೈಕ್ರೋ ಯುಎಸ್‌ಬಿ ವೈರಲ್ಲಿ ಬಸ್ಸಲ್ಲೇ ಚಾರ್ಜ್ ಮಾಡ್ಬಹುದು.

ಜಿಪಿಎಸ್ ಇಲ್ಲ. ಕ್ಯಾಮೆರಾ ಗಡಿಯಾರವನ್ನ ನಿಮ್ಮ ಫೋನಿನ ಟೈಮಿಗೆ ನಿಮಿಷ ಬಿಡದೆ ಸರಿಮಾಡಿ. ಪ್ರತಿ ಕಲ್ಲಿಗೂ ಮೊದಲ ಫೋಟೋ ಒಂದು ಹಾಳೆದು ತೆಗೆಯಿರಿ, ಅದರಲ್ಲಿ ಊರು, ಹೋಬಳಿ, ಯಾರ ಹೊಲ ಅಥವಾ ಯಾವ ಗುಡಿ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮಕ್ಕಳ ಕೈಲೇ ದಪ್ಪಗೆ ಬರೆಸಿ. ಅದೇ ಜಾಗದಲ್ಲಿ ಫೋನಲ್ಲಿ ಲೊಕೇಶನ್ ಆನ್ ಇಟ್ಟು ಒಂದು ಫೋಟೋ, ಕಲ್ಲು ಮತ್ತು ಸುತ್ತಲಿನ ಗುರುತು ಎರಡೂ ಬರೋ ಹಾಗೆ. ಟೈಮ್ ಒಂದೇ ಇರೋದ್ರಿಂದ ಆಮೇಲೆ ಜೋಡಿಸೋದು ಸುಲಭ. ಮನೆಗೆ ಬಂದ ದಿನವೇ ಎರಡು ಕಡೆ ಕಾಪಿ ಮಾಡಿಡಿ, ರಾ ಫೈಲ್ ಅಳಿಸಬೇಡಿ.